ಡಬಲ್ಸ್‌ಗೂ ಒಂದು ಹೊತ್ತು ಗೊತ್ತುಪಡಿಸಿ

ಸಂಪಾದಕರಿಗೆ,



ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಕ್ರೀಡಾಂಗಣದಲ್ಲಿ ಬೆಂಗಳೂರು ಓಪನ್ ನಡೆಯುವ ವಾರ ಕ್ರೀಡಾಪುಟಗಳನ್ನು ತಿರುವಿದರೆ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ ಸೋತವರಿಗೂ ಫೋಟೊ ಸಿಕ್ಕಿರುತ್ತದೆ. ಡಬಲ್ಸ್ ಪ್ರಶಸ್ತಿ ಗೆದ್ದ ಜೋಡಿಯ ಹೆಸರನ್ನು ಮಾತ್ರ ಅನೇಕ ಸಲ ವರದಿಯ ಬಾಲದಲ್ಲಿ ಹುಡುಕಬೇಕು. ಇಂಥ ಚಾಲೆಂಜರ್ ಟೂರ್ನಿಗಳಲ್ಲಿ ಡಬಲ್ಸ್ ಫೈನಲ್ ಸಾಮಾನ್ಯವಾಗಿ ಶನಿವಾರವೇ, ಸಿಂಗಲ್ಸ್ ಪಂದ್ಯಗಳೆಲ್ಲ ಮುಗಿದ ಮೇಲೆ ನಡೆದುಹೋಗುತ್ತದೆ. ಅದು ಶುರುವಾಗುವ ಹೊತ್ತು ಯಾರಿಗೂ ಖಚಿತವಿರುವುದಿಲ್ಲ. ಸಾರಕ್ಕಿಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯುವ ಪ್ರೇಕ್ಷಕ ಎಷ್ಟು ಗಂಟೆಗೆ ಮನೆ ಬಿಡಬೇಕು?

ಬೇರೆ ಊರಿನಲ್ಲಾದರೆ ಇದನ್ನು ಸಹಿಸಬಹುದಿತ್ತೇನೊ. ಬೆಂಗಳೂರಿನಲ್ಲಿ ಇದು ಅನ್ಯಾಯ. ಭಾರತದ ಟೆನಿಸ್‌ಗೆ ಕಳೆದ ಮೂರು ದಶಕಗಳಲ್ಲಿ ದಕ್ಕಿದ ದೊಡ್ಡ ಗೆಲುವುಗಳಲ್ಲಿ ಬಹುಪಾಲು ಬಂದಿರುವುದು ಡಬಲ್ಸ್‌ನಲ್ಲೇ. ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಮಹೇಶ್ ಭೂಪತಿ 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಾಗಲೇ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗೆ ಮೊದಲ ಸಲ ಭಾರತೀಯರೊಬ್ಬರ ಹೆಸರು ಸೇರಿದ್ದು. 1999ರಲ್ಲಿ ಭೂಪತಿ, ಲಿಯಾಂಡರ್ ಪೇಸ್ ಜೋಡಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಫೈನಲ್ ತಲುಪಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಗೆದ್ದಿತು.

ಆಮೇಲೆ ಬಂದವರು ಕೊಡಗಿನ ರೋಹನ್ ಬೋಪಣ್ಣ. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ರ‍್ಯಾಂಕ್ 213. ಅಲ್ಲಿಗೇ ನಿಂತಿದ್ದರೆ ಇವತ್ತು ಅವರ ಹೆಸರು ಎಷ್ಟು ಜನರಿಗೆ ನೆನಪಿರುತ್ತಿತ್ತು? ಮೊಣಕಾಲಿನ ಮೃದ್ವಸ್ಥಿ ಸವೆದು, 2021ರಲ್ಲಿ ಸಾಲು ಸಾಲಾಗಿ ಸೋತು, ಆಟ ಬಿಟ್ಟುಬಿಡೋಣವೇ ಎಂದು ಯೋಚಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅಯ್ಯಂಗಾರ್ ಯೋಗ ಮಾಡಿ ಕಾಲಿಗೆ ಮತ್ತೆ ಬಲ ತಂದುಕೊಂಡರು. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಇಟಲಿಯ ಸಿಮೋನ್ ಬೊಲೆಲ್ಲಿ, ಆಂಡ್ರಿಯಾ ವವಸ್ಸೋರಿ ಅವರನ್ನು 7-6, 7-5ರಿಂದ ಸೋಲಿಸಿದಾಗ ಅವರಿಗೆ 43 ವರ್ಷ. ಆ ವಯಸ್ಸಿನಲ್ಲಿ ಅವರಂತೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಅವರು ವಿದಾಯ ಹೇಳಿದರು.

ಇಂಥವರನ್ನು ಕೊಟ್ಟ ನಾಡು ಅವರು ಆಡಿದ ಆಟವನ್ನೇ ಎರಡನೇ ಪಂಕ್ತಿಯಲ್ಲಿ ಕೂರಿಸುವುದು ಸರಿಯಲ್ಲ.

ಕಬ್ಬನ್ ಪಾರ್ಕಿನ ಕೋರ್ಟಿಗೇ ಬರೋಣ. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದ ಡೇವಿಸ್ ಕಪ್ ಹಣಾಹಣಿಯಲ್ಲಿ ಸರ್ಬಿಯಾ ಮೊದಲ ದಿನವೇ 2-0 ಮುಂದಿತ್ತು. ಮರುದಿನ ಡಬಲ್ಸ್‌ನಲ್ಲಿ ಪೇಸ್ ಮತ್ತು ಬೋಪಣ್ಣ ಮೊದಲೆರಡು ಸೆಟ್ ಕಳೆದುಕೊಂಡರು. ಎದುರಿಗಿದ್ದ ಜೋಡಿಯಲ್ಲಿ ಡಬಲ್ಸ್‌ನ ಮಾಜಿ ನಂಬರ್ 1 ನೆನಾದ್ ಜಿಮೊಂಜಿಚ್ ಇದ್ದರು. ಅಲ್ಲಿಂದ ತಿರುಗಿಬಿದ್ದ ನಮ್ಮವರು ಐದನೇ ಸೆಟ್ಟನ್ನು 8-6ರಿಂದ ಗೆದ್ದು ಭಾರತವನ್ನು ಸ್ಪರ್ಧೆಯಲ್ಲಿ ಉಳಿಸಿದರು. ಕೊನೆಗೆ ಭಾರತ 2-3ರಿಂದ ಸೋತಿತು ನಿಜ, ಆದರೆ ಆ ಹಣಾಹಣಿಗೆ ಜೀವ ಬಂದಿದ್ದು ಡಬಲ್ಸ್‌ನಿಂದ. 2020ರ ಫೆಬ್ರುವರಿಯಲ್ಲಿ ಇದೇ ಜಾಗದಲ್ಲಿ ಬೆಂಗಳೂರು ಓಪನ್ ಡಬಲ್ಸ್ ಫೈನಲ್ ಆಡಿದವರು ಪೇಸ್ ಮತ್ತು ಎಬ್ಡೆನ್. ಅವರನ್ನು ಪೂರವ್ ರಾಜಾ, ರಾಮ್‌ಕುಮಾರ್ ರಾಮನಾಥನ್ 6-0, 6-3ರಿಂದ ಮಣಿಸಿದರು. ನಾಲ್ಕು ವರ್ಷದ ಬಳಿಕ ಬೋಪಣ್ಣ ಜೊತೆ ಮೆಲ್ಬರ್ನ್‌ನಲ್ಲಿ ಕಪ್ ಎತ್ತಿದ್ದು ಅದೇ ಎಬ್ಡೆನ್!

2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದ ಮೇಲೆ 2025ರ ತನಕ ಬೆಂಗಳೂರು ಓಪನ್‌ನ ಸಿಂಗಲ್ಸ್ ಪ್ರಶಸ್ತಿ ಭಾರತೀಯರಿಗೆ ಸಿಕ್ಕಿಲ್ಲ. ಡಬಲ್ಸ್‌ನಲ್ಲಿ ರಾಮ್‌ಕುಮಾರ್ ಮತ್ತು ಸಾಕೇತ್ ಮೈನೇನಿ 2022ರಲ್ಲೂ 2024ರಲ್ಲೂ ಗೆದ್ದರು. ನಮ್ಮವರು ಗೆಲ್ಲುವ ವಿಭಾಗಕ್ಕೇ ಜಾಗ ಇಲ್ಲವೆಂದರೆ ಹೇಗೆ?

ಜನ ಬರುವುದು ಸಿಂಗಲ್ಸ್ ನೋಡಲು ಎಂಬ ಮಾತು ಕೇಳಿಬರುತ್ತದೆ. ಆದರೆ ಜಯನಗರ, ಜೆ.ಪಿ. ನಗರದ ಕ್ಲಬ್ಬುಗಳಲ್ಲಿ ಬೆಳಗಾಗೆದ್ದು ರ‍್ಯಾಕೆಟ್ ಹಿಡಿಯುವವರಲ್ಲಿ ಹೆಚ್ಚಿನವರು ಆಡುವುದು ಡಬಲ್ಸ್. ಆ ಆಟದ ಚುರುಕು ಅವರಿಗೆ ಗೊತ್ತು. ಸರ್ವ್ ಮಾಡುವವನ ಜೊತೆಗಾರ ನೆಟ್ ಹತ್ತಿರ ನಡುಗೆರೆಯ ಮೇಲೆ ಕುಕ್ಕರಿಸಿ, ಬೆನ್ನ ಹಿಂದೆ ಬೆರಳಿನಲ್ಲಿ ಸನ್ನೆ ಮಾಡುತ್ತಾನೆ. ಚೆಂಡು ತಲೆಯ ಮೇಲಿಂದ ಹಾದದ್ದೇ ತಡ, ಎಡಕ್ಕೋ ಬಲಕ್ಕೋ ಚಿಮ್ಮುತ್ತಾನೆ. ಎಟಿಪಿ ಟೂರ್ನಿಗಳ ಡಬಲ್ಸ್‌ನಲ್ಲಿ 40-40 ಆದರೆ ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ. ಆ ಸರ್ವನ್ನು ಯಾವ ಬದಿಯಲ್ಲಿ ಎದುರಿಸಬೇಕೆಂದು ರಿಟರ್ನ್ ಮಾಡುವ ಜೋಡಿಯೇ ಆರಿಸಿಕೊಳ್ಳುತ್ತದೆ. ಸೆಟ್ 1-1 ಆದರೆ ಹತ್ತು ಪಾಯಿಂಟಿನ ಟೈಬ್ರೇಕ್. ಇದಕ್ಕಿಂತ ಮೈಮರೆಸುವ ಆಟವನ್ನು ಪ್ರೇಕ್ಷಕ ಎಲ್ಲಿ ಕಂಡಾನು?

ಜಗತ್ತಿನ ದೊಡ್ಡ ಟೂರ್ನಿಗಳೂ ಈ ತಪ್ಪಿನಿಂದ ಹೊರತಲ್ಲ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬೋಪಣ್ಣ, ಎಬ್ಡೆನ್ ಇಬ್ಬರಿಗೂ ಸೇರಿ 7.3 ಲಕ್ಷ. 2025ರಲ್ಲಿ ಯುಎಸ್ ಓಪನ್ ತನ್ನ ಮಿಶ್ರ ಡಬಲ್ಸನ್ನು ಹದಿನಾರು ಜೋಡಿಗಳಿಗೆ ಇಳಿಸಿ, ಸಿಂಗಲ್ಸ್ ತಾರೆಯರಿಗೆ ಮಣೆ ಹಾಕಿತು. ಆದರೂ ಗೆದ್ದವರು ಡಬಲ್ಸನ್ನೇ ನೆಚ್ಚಿಕೊಂಡ ಸಾರಾ ಎರಾನಿ ಮತ್ತು ಮೆಲ್ಬರ್ನ್‌ನಲ್ಲಿ ಬೋಪಣ್ಣ ಎದುರು ಸೋತಿದ್ದ ಅದೇ ವವಸ್ಸೋರಿ. ಇಗಾ ಶ್ವಿಯಾಂಟೆಕ್, ಕ್ಯಾಸ್ಪರ್ ರೂಡ್ ಅಂಥವರು ಫೈನಲ್‌ನಲ್ಲಿ ಅವರೆದುರು ಸೋತರು. ಈ ಆಟಕ್ಕೆ ಬೇರೆಯದೇ ಕಸುಬು ಬೇಕು ಎನ್ನುವುದಕ್ಕೆ ಇನ್ನೇನು ಪುರಾವೆ ಬೇಕು?

ಡಬಲ್ಸ್ ಫೈನಲ್ಲನ್ನು ಭಾನುವಾರಕ್ಕೆ ತಳ್ಳಿದರೆ ಮುಂದಿನ ವಾರದ ಟೂರ್ನಿಗೆ ಬೇರೆ ಊರಿಗೆ ಹೊರಡಬೇಕಾದ ಆಟಗಾರರಿಗೆ ಕಷ್ಟ ಎಂಬುದು ಒಪ್ಪತಕ್ಕ ಮಾತೇ. ಹಾಗಾದರೆ ಶನಿವಾರವೇ ಇರಲಿ. ಆದರೆ ಸಂಜೆಯ ಒಂದು ಹೊತ್ತನ್ನು ಗೊತ್ತುಮಾಡಿ, ಸೆಂಟರ್ ಕೋರ್ಟಿನಲ್ಲೇ ಆಡಿಸಿ, ವಾರದ ಮೊದಲೇ ಪ್ರಕಟಿಸಲಿ. ಸ್ಕೋರಿನ ನಿಯಮಗಳನ್ನು ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಕನ್ನಡದಲ್ಲೂ ಹೇಳಲಿ. ಶಾಲೆಯ ಮಕ್ಕಳನ್ನು ಕರೆತರುವ ಏರ್ಪಾಡಿದ್ದರೆ ಅವರನ್ನು ಆ ಸಂಜೆಗೇ ಕರೆಯಲಿ.

ತಮ್ಮ ಪತ್ರಿಕೆಗೂ ಒಂದು ವಿನಂತಿ ಇದೆ. ಮುಂದಿನ ಬೆಂಗಳೂರು ಓಪನ್ ಹೊತ್ತಿಗೆ ಡಬಲ್ಸ್‌ನ ಡ್ರಾ, ದಿನದ ಪೂರ್ತಿ ಸ್ಕೋರು, ಗೆದ್ದ ಜೋಡಿಯ ಫೋಟೊ ಕ್ರೀಡಾಪುಟದಲ್ಲಿ ಬರಲಿ. ಸಂಘಟಕರೂ ಆಗ ಕಣ್ಣುಬಿಟ್ಟಾರು.

— ಟೆನಿಸ್ ಆಸಕ್ತ ಓದುಗ, ಸಾರಕ್ಕಿ, ಬೆಂಗಳೂರು