ಎಂಟನೆಯ ದಿನದ ಹೊಣೆ ಯಾರದು?

ತಡಸ ಕ್ರಾಸಿನಲ್ಲಿ ನಿಂತು ನೋಡಿರಿ, ಹುಬ್ಬಳ್ಳಿ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಸಾಲು ಹಗಲಿರುಳೂ ಮುಗಿಯುವದಿಲ್ಲ. ಈ ರಸ್ತೆಯ ಮೇಲೆಯೇ ನಮ್ಮ ಹಮಾಲನು ಗಿರಣಿಗೆ ಹೋಗಬೇಕು, ಕಿರಾಣಿಯವನು ಮಾಲು ತರಬೇಕು. ಅವರಲ್ಲೊಬ್ಬನು ಲಾರಿಗೆ ಸಿಕ್ಕು ಬೆನ್ನುಹುರಿಗೆ ಪೆಟ್ಟಾಯಿತೆಂದು ತಿಳಿಯಿರಿ. ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ತಂದ ಯೋಜನೆಯಂತೆ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿಯವರೆಗೆ, ಅವನು ಕೈಯಿಂದ ಹಣ ಕೊಡದೆ ಚಿಕಿತ್ಸೆ ಪಡೆಯಬಹುದು. ಒಳ್ಳೆಯದೇ. ಬೇಡವೆನ್ನುವ ಮೂರ್ಖರು ನಾವಲ್ಲ. ಆದರೆ ಎಂಟನೆಯ ದಿನ?

ಎಂಟನೆಯ ದಿನ ಪ್ರಾಣವಿದೆ, ಕಾಲಲ್ಲಿ ಕಸುವಿಲ್ಲ. ಅಂಥವನನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗಿ, ಕೀವು ಸೇರಿ, ಅಪಘಾತದಲ್ಲಿ ಉಳಿದ ಜೀವ ಹಾಸಿಗೆಯಲ್ಲಿ ಹೋಗುತ್ತದೆ. ಮೂತ್ರದ ನಳಿಗೆಯನ್ನು ಶುಚಿಯಾಗಿ ಹಾಕಿಕೊಳ್ಳುವದು, ಎದ್ದು ಕೂಡುವದು, ಗಾಲಿಕುರ್ಚಿಗೆ ದಾಟುವದು, ಎಲ್ಲವನ್ನೂ ಕೂಸಿನಂತೆ ಹೊಸದಾಗಿ ಕಲಿಯಬೇಕು. ಲಕ್ವಾ ಹೊಡೆದವನಿಗೂ ಇಂಥದೇ ಕಲಿಕೆ. ಇದಕ್ಕೆ ವಾರಗಳು, ಎಷ್ಟೋ ಸಲ ತಿಂಗಳುಗಳು ಬೇಕು. ವೈದ್ಯರು, ದಾದಿಯರು, ಅಂಗಸಾಧನೆ ಕಲಿಸುವವರು ಒಂದೇ ವಾರ್ಡಿನಲ್ಲಿ ಕೂಡಿ ದುಡಿಯಬೇಕು. "ಮನೆಗೆ ಒಯ್ದು ವ್ಯಾಯಾಮ ಮಾಡಿಸಿರಿ" ಎನ್ನುವದು ಸುಲಭ. ಮಾಡಿಸುವವರಾರು? ದಿನಗೂಲಿ ಬಿಟ್ಟರೆ ಒಲೆ ಹೊತ್ತಿಸಲಾಗದ ಹೆಂಡತಿಯೇ?

ಇದು ಹೊಸ ವಿದ್ಯೆಯೇನೂ ಅಲ್ಲ. ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸರು 1954ರ ವಾಹನ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿ 1966ರಲ್ಲಿಯೇ ರೋಗಿಗಳನ್ನು ಇರಿಸಿಕೊಂಡು ತರಬೇತಿ ಕೊಡುವ ಪುನಶ್ಚೇತನ ಕೇಂದ್ರವಾಯಿತು. ದಾರಿ ಗೊತ್ತಾಗಿ ಅರ್ಧ ಶತಮಾನ ಮೀರಿದೆ. ಆದರೂ ತಡಸದ ಬಡವನು ಆ ದಾರಿ ಹಿಡಿಯಬೇಕಾದರೆ ಹೊಲ ಮಾರಬೇಕೇ?

ಕಾನೂನು ಇದೆಯೆಂದು ಪುಢಾರಿಗಳು ಹೇಳಿಯಾರು. ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯದೆಯ 27ನೆಯ ಕಲಮು ಪುನರ್ವಸತಿಯ ಹೊಣೆಯನ್ನು ಸರಕಾರದ ಮೇಲೆಯೇ ಹೊರಿಸಿದೆ. ಕೂಡಲೇ "ಆರ್ಥಿಕ ಶಕ್ತಿಗೆ ಅನುಗುಣವಾಗಿ" ಎಂಬ ಬೆಣೆಯನ್ನೂ ಹೊಡೆದಿದೆ! ಹೆದ್ದಾರಿಗೆ ಇರುವ ಆರ್ಥಿಕ ಶಕ್ತಿ ಹೆದ್ದಾರಿಯಲ್ಲಿ ಮುರಿದ ಬೆನ್ನಿಗೆ ಏಕಿರುವದಿಲ್ಲ? ಇ.ಎಸ್.ಐ. ಇದ್ದ ಕಾರ್ಮಿಕನಿಗೆ ದುಡಿಮೆಯಲ್ಲಿ ಗಾಯವಾದರೆ ಕೂಲಿಯ ಶೇಕಡಾ 90ರಷ್ಟಾದರೂ ಸಿಗುತ್ತದೆ. ತಿಂಗಳ ಸಂಬಳ 21,000 ರೂಪಾಯಿ ದಾಟಿದವನು ಅದರ ಹೊರಗೆ. ಒಬ್ಬನೇ ಕೂತು ಅಂಗಡಿ ನಡೆಸುವವನಂತೂ ಯಾವ ಲೆಕ್ಕದಲ್ಲಿಯೂ ಇಲ್ಲ.

ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದು. ಹಾವೇರಿಯಲ್ಲಿಯೂ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ. ಈ ಎರಡೂ ಕಡೆ ಬೆನ್ನು, ತಲೆಗೆ ಪೆಟ್ಟಾದವರಿಗೂ ಲಕ್ವಾದವರಿಗೂ ತಿಂಗಳುಗಟ್ಟಲೆ ಉಳಿದು ಕಲಿಯುವ ಹಾಸಿಗೆಗಳು ಮೀಸಲಾಗಬೇಕು, ಜತೆಗೆ ಉಳಿಯುವವರಿಗೆ ಊಟ ಸಿಗಬೇಕು. ಏಳು ದಿನದ ಗಡುವು ಇಂಥವರಿಗೆ ರದ್ದಾಗಬೇಕು. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರಿನ ಗಿರಣಿ ಕಾರ್ಮಿಕರೇ, ವ್ಯಾಪಾರಿಗಳೇ, ನಿಮ್ಮ ಶಾಸಕರಿಗೆ ಬರೆದು ಕೇಳಿರಿ: ಹಾಸಿಗೆ ಎಷ್ಟು, ಯಾವ ತಿಂಗಳಿನಿಂದ? ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಿರಿ.