ಮೂಗನ್ನು ನಂಬಿ ಗುಂಡಿಗೆ ಇಳಿಯಬೇಡಿ

ಹೋಟೆಲಿನ ಹಿಂಬದಿಯ ಮೋರಿಯೋ ಸೆಪ್ಟಿಕ್ ಟ್ಯಾಂಕೋ ಕಟ್ಟಿಕೊಂಡರೆ, "ಯಾರಾದರೊಬ್ಬ ಇಳಿದು ನೋಡಿ" ಎಂದು ಅಪ್ಪಣೆಯಾಗುವುದುಂಟು. ಆಗ ಎಲ್ಲರ ಕಣ್ಣೂ ಊರಿನಿಂದ ಹೊಸದಾಗಿ ಬಂದ ಹುಡುಗನ ಮೇಲೆ. ಒಲ್ಲೆನೆನ್ನುವ ಧೈರ್ಯ ಅವನಿಗಿಲ್ಲ. ಗಿರಣಿಯ ಬಣ್ಣದ ಖಾತೆಯ ಕೊಳಚೆ ತೊಟ್ಟಿಯ ಬಳಿಯೂ ಇದೇ ಪಾಡು. ಈ ಕುರಿತು ನಮ್ಮ ಕಾರ್ಮಿಕ ಬಂಧುಗಳಿಗೆ ನಾಲ್ಕು ಮಾತು ಹೇಳುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಅಡಿಗೆಮನೆಯಲ್ಲಿ ದುಡಿಯುವವರಿಗೆ ಮೂಗನ್ನು ನಂಬುವುದು ರೂಢಿ. ಸಿಲಿಂಡರು ಸೋರಿದರೆ ನಾತ ಬರುತ್ತದೆ; ಆ ಗ್ಯಾಸಿಗೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಎಲ್ಲ ವಿಷವಾಯುಗಳ ವಿಷಯದಲ್ಲಿ ಇದು ನಡೆಯದು. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 100 ಭಾಗ ಸೇರಿತೆಂದರೆ ಕೆಲವೇ ನಿಮಿಷಗಳಲ್ಲಿ ಮೂಗಿನ ಅರಿವು ಸತ್ತುಹೋಗುತ್ತದೆ. ನಾತ ಹೋಯಿತು, ಇನ್ನು ಭಯವಿಲ್ಲವೆಂದು ಒಳಗಿನವನು ತಿಳಿಯುವ ಹೊತ್ತೇ ಪ್ರಾಣಕ್ಕೆ ಮುಳುವಾಗುವ ಹೊತ್ತು. ಗಾಳಿಯಾಡದ ಕೋಣೆಯಲ್ಲಿ ಇದ್ದಲು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೂಗು ಸೋತಲ್ಲಿ ನೆರವಾಗುವ ಚಿಕ್ಕ ಉಪಕರಣವೊಂದು ಈಗ ಪೇಟೆಯಲ್ಲಿ ದೊರೆಯುತ್ತದೆ. ಗ್ಯಾಸ್ ಡಿಟೆಕ್ಟರ್ ಎಂಬ ಇದನ್ನು ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿಕೊಳ್ಳಬಹುದು. ವಿಷವಾಯು ಒಳಹೊಕ್ಕರೆ ರಾಸಾಯನಿಕ ಕ್ರಿಯೆಯಿಂದ ಅಲ್ಪ ವಿದ್ಯುತ್ತು ಹರಿಯುತ್ತದೆ; ವಾಯು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಹೈಡ್ರೋಜನ್ ಸಲ್ಫೈಡಿನ ಉಪಕರಣ ಸಾಮಾನ್ಯವಾಗಿ 10 ಭಾಗಕ್ಕೇ ಕೂಗಿ, ಮಿನುಗಿ, ನಡುಗಿ ಎಚ್ಚರಿಸುತ್ತದೆ. ಕೂಗಿದೊಡನೆ ಹೊರಗೆ ಬರಬೇಕು. ಕಾರಣ ಹುಡುಕುತ್ತ ನಿಲ್ಲಬಾರದು.

ಆದರೆ ಒಂದೇ ವಾಯುವಿನ ಉಪಕರಣ ಆ ಒಂದರ ಸುದ್ದಿಯನ್ನಷ್ಟೇ ಹೇಳುತ್ತದೆ. ಅದು ಮೌನವಾಗಿದೆಯೆಂದು ಗುಂಡಿಗೆ ಇಳಿಯಲಾಗದು. ಅಲ್ಲಿ ಆಮ್ಲಜನಕ ಕುಂದಿರಬಹುದು, ಹತ್ತಿ ಉರಿಯುವ ಮೀಥೇನ್ ತುಂಬಿರಬಹುದು. ಆದುದರಿಂದಲೇ 2013ರ ಸರಕಾರಿ ನಿಯಮಗಳ ಪಟ್ಟಿಯಲ್ಲಿ ನಾಲ್ಕು ವಾಯುಗಳನ್ನು ಅಳೆಯುವ ಉಪಕರಣವಿದೆ. ಉಪಕರಣವನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟರೂ ಸಾಲದು. ತಿಳಿದ ಪ್ರಮಾಣದ ಅನಿಲ ಹಾಯಿಸಿ, ಅದು ಕೂಗುತ್ತದೆಯೇ ಎಂದು ಬಳಸುವ ಮುನ್ನ ನೋಡಬೇಕು.

ಇದು ಮಾಲಕರ ದಯೆಗೆ ಬಿಟ್ಟ ಮಾತಲ್ಲ. ರಕ್ಷಣಾ ಸಾಧನಗಳಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ಯಾರನ್ನಾದರೂ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೇ 2 ವರ್ಷದವರೆಗೆ ಸೆರೆ, ಇಲ್ಲವೆ 2 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಊರಿನಲ್ಲಿ ಮಗನ ಮನಿಯಾರ್ಡರಿಗಿಂತ ಮಗನನ್ನೇ ಕಾಯುವ ತಾಯಿಗೆ ಆ ಹಣ ಏನಾದೀತು?

ಒಳಗೆ ಬಿದ್ದವನನ್ನು ಎತ್ತಲು ಹಾರಿದವನೂ ಅದೇ ಗಾಳಿಯನ್ನು ಉಸಿರಾಡುತ್ತಾನೆ. ಗೆಳೆತನದ ಆವೇಶದಲ್ಲಿ ಹಾರಬೇಡಿ. ಅಗ್ನಿಶಾಮಕ ದಳಕ್ಕೆ 101ಕ್ಕೆ ಕರೆಮಾಡಿ. ಗುಂಡಿಯನ್ನು ಯಂತ್ರದ ಗಾಡಿಯಿಂದಲೇ ತೆಗೆಸಬೇಕು, ಅಡಿಗೆಮನೆಗೂ ಬಾಯ್ಲರ್ ಕೋಣೆಗೂ ಡಿಟೆಕ್ಟರ್ ಒದಗಿಸಬೇಕು ಎಂದು ಮಾಲಕರನ್ನು ಒತ್ತಾಯಿಸಿ. ಒಬ್ಬ ಹುಡುಗ ಒಲ್ಲೆನೆಂದರೆ ಅವನ ಕೆಲಸ ಹೋದೀತು. ಹತ್ತು ಮಂದಿ ಒಟ್ಟಾಗಿ ಅವನ ಹಿಂದೆ ನಿಂತರೆ ಗಾಡಿ ಬಂದೇ ಬರುತ್ತದೆ.