ಹೊರಗೆ ಕೈ ಹಾಕಿಸಿದ್ರೆ ವಾರಂಟಿ ಹೋಗುತ್ತಾ?

ಹೊಸ ಕಾರೋ ಪಿಕಪ್ಪೋ ತಗೊಂಡ ದಿನ ಕೀ ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟು ಕಳಿಸ್ತಾರೆ: "ಸಾರ್, ಹೊರಗಡೆ ಎಲ್ಲೂ ಕೈ ಹಾಕಿಸ್ಬೇಡಿ, ವಾರಂಟಿ ಹೋಗುತ್ತೆ." ಈ ಮಾತು ಅರ್ಧ ನಿಜ. ಉಳಿದ ಅರ್ಧ ನಮ್ಮನ್ನ ಅವರ ವರ್ಕ್‌ಶಾಪ್‌ಗೇ ಕಟ್ಟಿಹಾಕೋ ವ್ಯಾಪಾರ. ಯಾವ ಅರ್ಧ ಯಾವುದು ಅಂತ ಗೊತ್ತಿಲ್ಲದೆ ನಮ್ಮ ಹುಡುಗರಲ್ಲಿ ಕೆಲವರು ಹೆದರಿ ಒಂದು ಬಲ್ಬ್ ಬದಲಾಯಿಸೋಕೂ ಜಿಲ್ಲಾ ಕೇಂದ್ರಕ್ಕೆ ಓಡ್ತಾರೆ. ಇನ್ನು ಕೆಲವರು "ಏನಾಗುತ್ತೆ ಬಿಡು" ಅಂತ ಎರಡನೇ ಸರ್ವಿಸ್‌ಗೇ ಬೆನ್ನು ತೋರಿಸ್ತಾರೆ. ಇಬ್ಬರಿಗೂ ನಷ್ಟ.

ನಾನಿರೋದು ಮೊಳಕಾಲ್ಮೂರು ತಾಲ್ಲೂಕಲ್ಲಿ. ನನ್ನ ಪಿಕಪ್‌ನ ಕಂಪನಿಯವರ ಅಧಿಕೃತ ಸರ್ವಿಸ್ ಸೆಂಟರ್ ಇರೋದು ಚಿತ್ರದುರ್ಗದಲ್ಲಿ. ಹೋಗಿ ಬರೋಕೆ 150 ಕಿ.ಮೀ. ಮೇಲಾಗುತ್ತೆ. "ಫ್ರೀ ಸರ್ವಿಸ್" ಅಂದ್ರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್ ಎಲ್ಲಾ ನಮ್ಮ ಜೇಬಿಂದಲೇ. ಮೇಲೆ ಡೀಸೆಲ್, ಒಂದು ದಿನದ ಕೆಲಸ. ಈರುಳ್ಳಿ ಕೀಳೋ ವಾರದಲ್ಲಿ ಆಳುಗಳನ್ನ ಹೊಲದಲ್ಲಿ ಬಿಟ್ಟು ಸರ್ವಿಸ್ ಸೆಂಟರ್‌ನ ಸೋಫಾ ಮೇಲೆ ಕೂತ ದಿನದ ಬೆಲೆ ಯಾವ ಬಿಲ್ಲಲ್ಲೂ ಕಾಣಲ್ಲ. ಊರಲ್ಲೇ ಶೋರೂಂ ಇರೋರಿಗೆ ಈ ಷರತ್ತು ಒಂದು ಕಿರಿಕಿರಿ ಅಷ್ಟೇ, ನಮಗೆ ಮಾತ್ರ ಅದು ನೇರ ಖರ್ಚು.

ಮೊದಲು ವಾರಂಟಿ ಅಂದ್ರೆ ಏನು ನೋಡೋಣ. ಕಂಪನಿ ಕೊಟ್ಟ ಸಾಮಾನಲ್ಲೋ ಜೋಡಣೆಯಲ್ಲೋ ದೋಷ ಇದ್ರೆ ತಾವೇ ಸರಿಮಾಡಿಕೊಡ್ತೀವಿ ಅನ್ನೋ ಮಾತು ಅದು. ಸವೆಯೋ ಸಾಮಾನಿಗೆ ಆ ಮಾತು ಸಾಮಾನ್ಯವಾಗಿ ಅನ್ವಯಿಸಲ್ಲ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರ್, ಬಲ್ಬು ಇವೆಲ್ಲ ಹೊರಗೆ. ಟೈರಿಗೂ ಬ್ಯಾಟರಿಗೂ ಅವುಗಳನ್ನ ಮಾಡಿದ ಕಂಪನಿಯದೇ ಬೇರೆ ವಾರಂಟಿ ಇರುತ್ತೆ. ಇದಕ್ಕೆಲ್ಲ ಪ್ರತಿಯಾಗಿ ಅವರು ಕೇಳೋದು, ಪುಸ್ತಕದಲ್ಲಿ ಬರೆದಷ್ಟು ಕಿ.ಮೀ.ಗೋ ತಿಂಗಳಿಗೋ, ಯಾವುದು ಮೊದಲೋ ಆಗ, ಸರ್ವಿಸ್ ಮಾಡಿಸಿ ಅಂತ. ಆ "ಯಾವುದು ಮೊದಲೋ" ಅನ್ನೋ ಎರಡು ಪದಕ್ಕೆ ಗಮನ ಕೊಡಿ. ನಮ್ಮ ಗಾಡಿ ಸುಗ್ಗೀಲಿ ಓಡುತ್ತೆ, ಆಮೇಲೆ ಎರಡು ತಿಂಗಳು ಮರದ ಕೆಳಗೆ ನಿಲ್ಲುತ್ತೆ. ಕಿ.ಮೀ. ಆಗಿಲ್ಲ ಅಂತ ನಾವು ಸುಮ್ಮನಿರ್ತೀವಿ, ತಾರೀಕು ದಾಟಿರುತ್ತೆ. ಟ್ರ್ಯಾಕ್ಟರಿಗೂ ಹಾಗೇ: ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ ಅಂತ ಇದ್ರೂ ಪಕ್ಕದಲ್ಲಿ ದಿನದ ಲೆಕ್ಕವೂ ಇರುತ್ತೆ.

ಇನ್ನು ಆ "ಹೊರಗೆ ಕೈ ಹಾಕಿಸಿದ್ರೆ" ಅನ್ನೋ ವಿಷಯ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ಮೇಲೆ ದಂಡ ಹಾಕಿತ್ತು. ಬಿಡಿಭಾಗವನ್ನ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದಿದ್ದಾರೆ, ರಿಪೇರಿಗೆ ಬೇಕಾದ ಮಾಹಿತಿ, ಉಪಕರಣ ಬಚ್ಚಿಟ್ಟಿದ್ದಾರೆ ಅನ್ನೋದು ತಪ್ಪು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನೋ ಸಾರಾಸಗಟು ಷರತ್ತು ಹಾಕಬೇಡಿ, ಹೊರಗಿನ ಕೆಲಸ ಕೆಟ್ಟದಾಗಿ ಆಗಿದ್ರೆ ಅದಕ್ಕೆ ಸಂಬಂಧಪಟ್ಟಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಕೆಲವದರ ದಂಡ ಕಡಿಮೆಯೂ ಆಯಿತು, ಕೋರ್ಟಲ್ಲಿ ವ್ಯಾಜ್ಯ ವರ್ಷಗಟ್ಟಲೆ ಎಳೀತು. ಹಾಗಾಗಿ ಮೊಬೈಲಲ್ಲಿ ಈ ಆದೇಶ ತೋರಿಸಿದ ತಕ್ಷಣ ಕೌಂಟರ್‌ನವರು ಎದ್ದು ನಿಂತು ಕೈ ಮುಗೀತಾರೆ ಅಂದ್ಕೋಬೇಡಿ. ಅದು ಕಾರು ಕಂಪನಿಗಳ ಮೇಲಿನ ಆದೇಶ, ಟ್ರ್ಯಾಕ್ಟರಿನ ಮಾತು ಅದರಲ್ಲಿಲ್ಲ. ಆದ್ರೂ ತತ್ವ ನ್ಯಾಯವಾದದ್ದು. ನಮ್ಮೂರಲ್ಲಿ ಪಂಕ್ಚರ್ ಹಾಕಿಸಿದ್ದಕ್ಕೂ ಗೇರ್‌ಬಾಕ್ಸ್ ಒಡೆದಿದ್ದಕ್ಕೂ ಏನು ಸಂಬಂಧ ಅಂತ ಅವರು ತೋರಿಸಬೇಕು.

ಡೀಲರ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಗಾಡಿ ಮೊದಲಿನ ಗಾಡಿ ಅಲ್ಲ. ಸೆನ್ಸರ್, ಹೊಗೆ ಸೋಸೋ ಫಿಲ್ಟರ್, ಕಂಪ್ಯೂಟರ್ ಎಲ್ಲ ಸೇರಿಕೊಂಡಿದೆ. ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಹತ್ತಿಕೊಂಡ್ರೆ ಸ್ಕ್ಯಾನರ್ ಇಲ್ಲದ ಮೆಕ್ಯಾನಿಕ್ ಊಹೆಯ ಮೇಲೆ ಬಿಚ್ಚುತ್ತಾನೆ. ನಮ್ಮ ತಾಲ್ಲೂಕಿನ ಹಳೇ ಮೆಕ್ಯಾನಿಕ್‌ಗಳ ಕೈಗುಣ ನನಗೆ ಗೊತ್ತು, ಇಂಜಿನ್ ಸದ್ದು ಕೇಳಿಯೇ ರೋಗ ಹೇಳ್ತಾರೆ. ಆದ್ರೆ ಸಾಫ್ಟ್‌ವೇರ್ ಸದ್ದು ಮಾಡಲ್ಲವಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಕಂಪನಿ ವಾರಂಟಿ ಇರೋವರೆಗೂ ಪುಸ್ತಕದಲ್ಲಿರೋ ಸರ್ವಿಸ್‌ಗಳನ್ನ ಅಧಿಕೃತ ಜಾಗದಲ್ಲೇ ಮಾಡಿಸಿ, ಎಷ್ಟೇ ದೂರ ಆದ್ರೂ. ಈ ಅವಧಿಯಲ್ಲಿ ಜಗಳ ಆದ್ರೆ ಆಗೋದು ಇಂಜಿನ್, ಗೇರ್‌ಬಾಕ್ಸ್, ಇಂಜೆಕ್ಟರ್‌ನಂಥ ದೊಡ್ಡ ಖರ್ಚಿನ ಮೇಲೆ. ಅಲ್ಲಿ ಅವರ ಕೈಗೆ ನೆಪ ಕೊಡಬಾರದು. ಪಂಕ್ಚರ್, ಬಲ್ಬು, ಬ್ರೇಕ್ ಪ್ಯಾಡ್‌ನಂಥ ಸವಕಲು ಕೆಲಸ ಊರಲ್ಲೇ ಮಾಡಿಸಿ, ಬಿಲ್ ತಗೊಳ್ಳಿ. ವಾರಂಟಿ ಮುಗಿದ ಮೇಲೆ ಒಳ್ಳೆ ಲೋಕಲ್ ಮೆಕ್ಯಾನಿಕ್ ಹತ್ರ ವಾಪಸ್ ಬನ್ನಿ. ವಾರಂಟಿ ವಿಸ್ತರಣೆ ಅಂತ ಮಾರ್ತಾರಲ್ಲ, ಅದರ ಜೊತೆ ಅದೇ ಅಧಿಕೃತ ಸರ್ವಿಸ್ ಷರತ್ತೂ ವಿಸ್ತರಣೆ ಆಗುತ್ತೆ. ಸರ್ವಿಸ್ ಸೆಂಟರ್ 20 ಕಿ.ಮೀ. ಒಳಗಿದ್ರೆ ಯೋಚನೆ ಮಾಡಿ. ನನ್ನಷ್ಟು ದೂರ ಇದ್ರೆ ಆ ವರ್ಷಗಳ ಓಡಾಟದ ಡೀಸೆಲ್ಲನ್ನೂ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಸಹಿ ಮಾಡಿ.

ನಾನು ಕಂಡ ಹಾಗೆ ನಮ್ಮ ಕಡೆ ವಾರಂಟಿ ನಿಜವಾಗಿ ಹೋಗೋದು ಹೊರಗಿನ ಸರ್ವಿಸ್‌ನಿಂದ ಅಲ್ಲ, ಗಾಡಿ ತಂದ ವಾರದಲ್ಲೇ ನಾವು ಮಾಡಿಸೋ ಸಿಂಗಾರದಿಂದ. ಒಂದು ಎಲ್‌ಇಡಿ ಬಾರ್, ಎರಡು ಹಾರ್ನ್, ನಾಲ್ಕು ಸ್ಪೀಕರ್. ಅದಕ್ಕೆ ಕಂಪನಿ ವೈರ್ ಕತ್ತರಿಸಿ, ಜಾಯಿಂಟ್ ಹಾಕಿ, ಟೇಪ್ ಸುತ್ತಿರ್ತಾರೆ. ಮುಂದೆ ಯಾವ ಸೆನ್ಸರ್ ಕೆಟ್ರೂ ಸರ್ವಿಸ್ ಸೆಂಟರ್‌ನವರು ಮೊದಲು ಬೆರಳು ತೋರಿಸೋದು ಆ ಟೇಪ್ ಕಡೆಗೇ. ಹಾಗೆ ತೋರಿಸಿದ್ರೆ ತಪ್ಪು ಅನ್ನೋಕೂ ಆಗಲ್ಲ. ಪಿಕಪ್ ತಗೊಂಡೋರು ಮಾಡೋ ಇನ್ನೊಂದು ಕೆಲಸ, ಲೋಡ್ ಜಾಸ್ತಿ ತಡೀಲಿ ಅಂತ ಹಿಂದಿನ ಕಮಾನ್ ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸೋದು. ಆ ಪಟ್ಟಿ ನೀವು ಓವರ್‌ಲೋಡ್ ಹೊಡೀತೀರಿ ಅನ್ನೋದಕ್ಕೆ ನೀವೇ ಬರೆದುಕೊಟ್ಟ ಸಾಕ್ಷಿ. ಆಕ್ಸಲ್ ಮುರಿದ್ರೆ ಅದನ್ನ ತೋರಿಸಿ ಕೈ ತೊಳ್ಕೋತಾರೆ. ಬಾಡಿ ಕಟ್ಟಿಸಲೇಬೇಕಿದ್ರೆ ಡೀಲರ್‌ಗೆ ಮೊದಲೇ ಹೇಳಿ, ಏನು ಮಾಡಿದ್ರೆ ವಾರಂಟಿಗೆ ತೊಂದ್ರೆ ಇಲ್ಲ ಅಂತ ವಾಟ್ಸಾಪಲ್ಲಾದ್ರೂ ಬರೆಸಿಕೊಳ್ಳಿ.

ನಿಮ್ಮ ಕೈಲಿರೋ ಫೋನು ಇಲ್ಲಿ ಕೆಲಸಕ್ಕೆ ಬರುತ್ತೆ. ಪ್ರತಿ ಸರ್ವಿಸ್‌ನಲ್ಲೂ ಮೀಟರ್ ಕಾಣೋ ಹಾಗೆ ಒಂದು ಫೋಟೋ, ಜಾಬ್ ಕಾರ್ಡ್‌ದು ಒಂದು, ಬಿಲ್‌ದು ಒಂದು. ಥರ್ಮಲ್ ಪೇಪರ್ ಬಿಲ್ ಆರು ತಿಂಗಳಿಗೆ ಬಿಳಿ ಹಾಳೆ ಆಗುತ್ತೆ, ಫೋಟೋ ಆಗಲ್ಲ. ಜಾಬ್ ಕಾರ್ಡ್‌ಗೆ ಸಹಿ ಹಾಕೋ ಮೊದಲು ನೀವು ಹೇಳಿದ ದೂರು ನೀವು ಹೇಳಿದ ಹಾಗೇ ಬರೆದಿದ್ದಾರಾ ನೋಡಿ. "ಗೇರ್ ಹಾಕುವಾಗ ಸದ್ದು" ಅಂತ ನೀವು ಹೇಳಿದ್ದು "ಜನರಲ್ ಚೆಕಪ್" ಅಂತ ಆಗಿದ್ರೆ, ವಾರಂಟಿ ಮುಗಿಯೋ ಮೊದಲೇ ದೂರು ಹೇಳಿದ್ದೆ ಅನ್ನೋಕೆ ನಿಮ್ಮ ಹತ್ರ ಏನೂ ಉಳಿಯಲ್ಲ. ವಾರಂಟಿಲಿ ಬರಲ್ಲ ಅಂದ್ರೆ, ಯಾಕೆ ಬರಲ್ಲ ಅಂತ ಬರೆದುಕೊಡಿ ಅನ್ನಿ. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಯಾರೂ ಬರೆದುಕೊಡಲ್ಲ, ಎಷ್ಟೋ ಸಲ ಅಷ್ಟಕ್ಕೇ ಮಾತಿನ ಧಾಟಿ ಬದಲಾಗುತ್ತೆ.

ಈಗ ಗಾಡಿ ದಾರೀಲಿ ಕೈ ಕೊಟ್ರೆ ಏನು ಅನ್ನೋದಕ್ಕೆ ಬರೋಣ. "ಫುಲ್ ಇನ್ಶೂರೆನ್ಸ್ ಇದೆ ಅಣ್ಣ, ಎಲ್ಲ ಬರುತ್ತೆ" ಅನ್ನೋ ಮಾತು ತುಂಬ ಕೇಳಿದ್ದೀನಿ. ಬರಲ್ಲ. ಮಾಮೂಲಿ ವಾಹನ ವಿಮೆಯಲ್ಲಿ ಯಾಂತ್ರಿಕ ಮತ್ತು ವಿದ್ಯುತ್ ದೋಷ ಹೊರಗಿಟ್ಟಿರ್ತಾರೆ. ಅಪಘಾತ ಆದಾಗ ಗಾಡಿ ಎಳೆದುಕೊಂಡು ಹೋಗೋಕೆ ಒಂದು ಸಣ್ಣ ಮೊತ್ತ ಇರುತ್ತೆ, ಅಷ್ಟೇ. ಸುಮ್ಮನೆ ಇಂಜಿನ್ ನಿಂತುಹೋದ್ರೆ ಅದು ಅಪಘಾತ ಅಲ್ಲ. ಅದಕ್ಕೆ ಬೇರೆಯಾಗಿ ರೋಡ್‌ಸೈಡ್ ಅಸಿಸ್ಟೆನ್ಸ್ ಬೇಕು. ಹೊಸ ಗಾಡಿಗೆ ಕಂಪನಿಯೇ ಸ್ವಲ್ಪ ಕಾಲ ಕೊಟ್ಟಿರಬಹುದು. ಆಮೇಲೆ ವಿಮೆಯ ಜೊತೆ ಸೇರಿಸ್ಕೋಬಹುದು, ಇಲ್ಲವೇ ಪ್ರತ್ಯೇಕವಾಗಿ ವರ್ಷಕ್ಕೆ ತಗೋಬಹುದು. ಕೊಳ್ಳೋ ಮೊದಲು ಎರಡು ಕಡೆ ಒಂದೇ ಸೇವೆಗೆ ದುಡ್ಡು ಕಟ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ಕಾರಿಗೆ ಇದು ಸುಲಭ. ಹಳದಿ ಬೋರ್ಡ್ ಪಿಕಪ್‌ಗೆ ಸರಕು ವಾಹನಕ್ಕೆ ಕೊಡ್ತಾರಾ ಅಂತಲೇ ಮೊದಲು ಕೇಳಬೇಕು. ಆಮೇಲೆ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಬರ್ತೀರಾ? ಮನೆ ಮುಂದೆ ನಿಂತ್ರೂ ಬರ್ತೀರಾ? ಹೊಲದ ಬಂಡಿ ದಾರೀಲಿ ನಿಂತ್ರೆ?" ಅಂತ ಕೇಳಿ. ಎಷ್ಟು ಕಿ.ಮೀ.ವರೆಗೆ ಪುಕ್ಕಟೆ ಎಳೀತಾರೆ ಅನ್ನೋದು ನಮಗೆ ಎಲ್ಲಕ್ಕಿಂತ ಮುಖ್ಯ. 25 ಕಿ.ಮೀ. ಮಿತಿ ಇರೋ ಪ್ಲಾನು ಪಟ್ಟಣದವರಿಗೆ ಸಾಕು. ಸರ್ವಿಸ್ ಸೆಂಟರ್ ಚಿತ್ರದುರ್ಗದಲ್ಲಿ, ಗಾಡಿ ರಾಂಪುರದ ಹತ್ರ ನಿಂತಿದ್ರೆ ಉಳಿದ ದೂರದ್ದು ಕಿ.ಮೀ. ಲೆಕ್ಕದಲ್ಲಿ ನಾವೇ ಕೊಡಬೇಕು. ನಾವು ಗಡೀಲಿರೋರು, ದಿನ ಬೆಳಗಾದ್ರೆ ರಾಯದುರ್ಗಕ್ಕೆ ಹೋಗ್ತೀವಿ. ಆಂಧ್ರದ ಒಳಗೆ ನಿಂತ್ರೆ ಯಾರು ಬರ್ತಾರೆ ಅಂತಲೂ ಕೇಳಿಕೊಳ್ಳಿ. ವರ್ಷಕ್ಕೆ ಎಷ್ಟು ಸಲ, ಪಾಲಿಸಿ ಕೊಂಡ ದಿನದಿಂದಲೇ ಚಾಲೂನಾ ಅನ್ನೋದನ್ನೂ ಬಿಡಬೇಡಿ. ರಾಷ್ಟ್ರೀಯ ಹೆದ್ದಾರಿ ಮೇಲೆ ನಿಂತ್ರೆ ಯಾವ ಪ್ಲಾನ್ ಇಲ್ಲದಿದ್ರೂ 1033ಕ್ಕೆ ಫೋನ್ ಮಾಡಿ, ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಹಿರಿಯೂರು ದಾಟಿ 48ನೇ ಹೆದ್ದಾರೀಲಿ ರಾತ್ರಿ ಓಡಾಡೋರು ಈ ನಂಬರ್ ಸೇವ್ ಮಾಡಿಟ್ಕೊಳ್ಳಿ.

ಒಂದನ್ನ ಮಾತ್ರ ಯಾವ ಪ್ಲಾನಿನ ಮೇಲೂ ನಂಬಿ ಕೂರಬೇಡಿ, ಅದು ಲೋಡು. ಅವರು ಎಳೆಯೋದು ಗಾಡಿನ. ಯಶವಂತಪುರಕ್ಕೆ ಹೊರಟ ಈರುಳ್ಳಿ ಚೀಲಗಳ ಜವಾಬ್ದಾರಿ ನಮ್ಮದೇ. ಮಳೆ ಬೀಳೋ ರಾತ್ರಿ ಆ ಲೋಡನ್ನ ಇನ್ನೊಂದು ಗಾಡಿಗೆ ದಾಟಿಸೋರು ಯಾರು? ನಾವು ಆರು ಜನ ಪಿಕಪ್‌ನವರು ಇದಕ್ಕಂತಲೇ ಒಂದು ವಾಟ್ಸಾಪ್ ಗುಂಪು ಮಾಡ್ಕೊಂಡಿದ್ದೀವಿ. ಯಾರ ಗಾಡಿ ನಿಂತ್ರೂ ಹತ್ತಿರ ಇರೋನು ಖಾಲಿ ಗಾಡಿ ತರಬೇಕು. ಡೀಸೆಲ್ ಮತ್ತು ಡ್ರೈವರ್ ಬಾಟಾ ನಿಂತ ಗಾಡಿಯವನು ಅವತ್ತೇ ಕೊಡಬೇಕು, "ಆಮೇಲೆ ನೋಡೋಣ" ಇಲ್ಲ. ಚಳ್ಳಕೆರೆ, ಹಿರಿಯೂರು, ಶಿರಾ ಕಡೆಯ ಕ್ರೇನ್‌ನವರ, ರಾತ್ರಿ ಬಾಗಿಲು ತೆಗೆಯೋ ಮೆಕ್ಯಾನಿಕ್‌ಗಳ ನಂಬರ್ ಆ ಗುಂಪಲ್ಲಿ ಪಿನ್ ಮಾಡಿಟ್ಟಿದ್ದೀವಿ. ಲೋಡ್ ವಿಷಯಕ್ಕೆ ಬಂದ್ರೆ ದುಡ್ಡು ಕೊಟ್ಟು ಕೊಂಡ ಪ್ಲಾನಿಗಿಂತ ನನಗೆ ಇದರ ಮೇಲೇ ಧೈರ್ಯ.

ವಾರಂಟಿ ಜಗಳ ಬಗೆಹರೀದಿದ್ರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. ಎರಡು ವರ್ಷದ ಒಳಗೆ ಕೊಡಬೇಕು. ಕೊಂಡ ಬೆಲೆ 5 ಲಕ್ಷದವರೆಗೆ ಇದ್ರೆ ಶುಲ್ಕವೇ ಇಲ್ಲ. "ಹಳದಿ ಬೋರ್ಡ್ ಅಂದ್ರೆ ವ್ಯಾಪಾರ, ನೀವು ಗ್ರಾಹಕರೇ ಅಲ್ಲ" ಅಂತ ಹೆದರಿಸೋರು ಇರ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡ ಗಾಡಿ ಆದ್ರೆ ನೀವು ಗ್ರಾಹಕರೇ ಅಂತ ಅದೇ ಕಾಯ್ದೆ ಹೇಳುತ್ತೆ. ಐದು ಗಾಡಿ ಇಟ್ಟು ಡ್ರೈವರ್‌ಗಳ ಕೈಲಿ ಓಡಿಸೋರಿಗೆ ಆ ರಕ್ಷಣೆ ಸಿಗೋದು ಕಷ್ಟ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಮೊದಲಿಗೆ ಕೈಗೆತ್ತಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಇತ್ತು, ಕೃಷಿ ಉಪಕರಣವೂ ಇತ್ತು. ಆ ವರ್ಷದ ಕೊನೆಗೆ ಒಂದು ಪೋರ್ಟಲ್ಲೂ ಬಂತು, ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಒಳ್ಳೇದೇ. ಆದ್ರೆ ಮೊಳಕಾಲ್ಮೂರಿನ ಮೆಕ್ಯಾನಿಕ್‌ಗೆ ಬೇಕಿರೋದು ನ್ಯಾಯವಾದ ಬೆಲೆಗೆ ಸ್ಕ್ಯಾನರ್, ಒರಿಜಿನಲ್ ಸಾಮಾನು, ಎರಡು ವಾರದ ತರಬೇತಿ. ಕಂಪನಿಗಳಿಗೆ ಅಷ್ಟು ದೂರ ಹೋಗೋಕೆ ಮನಸ್ಸಿಲ್ಲದಿದ್ರೆ, ತಿಂಗಳಿಗೊಂದು ದಿನ ಸರ್ವಿಸ್ ವ್ಯಾನನ್ನ ತಾಲ್ಲೂಕಿಗೆ ಕಳಿಸಲಿ. ಮಾರೋಕೆ ಬರುವಾಗ ಮೇಳ, ಸಂತೆ ಅಂತ ಶಾಮಿಯಾನ ಹಾಕಿಕೊಂಡು ಹಳ್ಳಿ ಹಳ್ಳಿಗೆ ಬರ್ತಾರಲ್ಲ, ದಾರಿ ಅವರಿಗೆ ಗೊತ್ತು. ನಮ್ಮ ಗುಂಪಿನ ಆರೂ ಜನ ಈ ಬೇಡಿಕೆ ಬರೆದು, ಆರ್‌ಸಿ ನಂಬರ್ ಸಮೇತ ಸಹಿ ಹಾಕಿ, ಹೋದ ತಿಂಗಳು ನಮ್ಮ ನಮ್ಮ ಡೀಲರ್‌ಗೂ ಕಂಪನಿಗೂ ಇಮೇಲ್ ಮಾಡಿದ್ದೀವಿ. ನಿಮ್ಮ ತಾಲ್ಲೂಕಿಂದಲೂ ಕಳಿಸಿ.